ಎಂ.ಟೆಕ್ ಪ್ರಾಜೆಕ್ಟಿಗೆ ಇತ್ತೀಚಿನ ಯಾವ ಸಂಶೋಧನೆಯನ್ನು ಆರಿಸಿಕೊಳ್ಳಬೇಕು?

ಜಗಳೂರು ತಾಲ್ಲೂಕಿನ ಕುಡಿಯುವ ನೀರಿನಲ್ಲಿ ಮಿತಿಮೀರಿದ ಫ್ಲೋರೈಡನ್ನು ತೆಗೆಯುವ ಕೆಲಸ ಮಾಡಬೇಕೆಂದಿದ್ದೀರಿ, ಅದಕ್ಕೆ ಎಂಓಎಫ್ (ಲೋಹ-ಸಾವಯವ ಚೌಕಟ್ಟು ಎಂಬ ಸೂಕ್ಷ್ಮ ರಂಧ್ರಗಳ ವಸ್ತು), ಬಯೋಚಾರ್ (ಬೆಳೆಯ ತ್ಯಾಜ್ಯದಿಂದ ಮಾಡುವ ಇದ್ದಿಲು), ಮಷೀನ್ ಲರ್ನಿಂಗ್ ಈ ಮೂರರಲ್ಲಿ ಯಾವುದು ಎಲ್ಲಕ್ಕಿಂತ ಹೊಸದು ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಎಂ.ಟೆಕ್ ಓದುವಾಗ ನಾನು ನನ್ನ ಗೈಡ್ ಮುಂದೆ ಇಟ್ಟ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ ಆಗಿತ್ತು. ಹೊಸದು ಯಾವುದೆಂದು ಹುಡುಕಿಯೇ ನಾನು ಒಂದು ವರ್ಷ ಕಳೆದುಕೊಂಡೆ.

ಕೊನೆಗೆ ನಾನು ಆರಿಸಿಕೊಂಡದ್ದು ಬಯೋಚಾರ್. ನಮ್ಮ ಕಡೆ ಮೆಕ್ಕೆಜೋಳಕ್ಕೇನೂ ಕೊರತೆಯಿಲ್ಲ. ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡನ್ನು ತಂದು, ಗಾಳಿಯಾಡದಂತೆ ಮುಚ್ಚಿ ಸುಟ್ಟು ಇದ್ದಿಲು ಮಾಡಿ, ಅದನ್ನು ಅಲ್ಯುಮಿನಿಯಂ ಲವಣದ ದ್ರಾವಣದಲ್ಲಿ ನೆನೆಸಿ ಒಣಗಿಸಿದೆ. ಬಟ್ಟಿ ಇಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ, ಲೀಟರಿಗೆ 5 ಮಿಲಿಗ್ರಾಂ ಫ್ಲೋರೈಡ್ ಇರುವಂತೆ ಮಾಡಿಕೊಂಡು, ಆ ಇದ್ದಿಲಿನ ಜೊತೆ ಕಲಕಿ ಸೋಸಿದಾಗ ಉಳಿದದ್ದು 0.5 ಮಿಲಿಗ್ರಾಂ ಮಾತ್ರ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದ ಕಡೆ 1.5. ನನ್ನ ನೀರು ಅದಕ್ಕಿಂತ ಎಷ್ಟೋ ಕೆಳಗಿತ್ತು. ಗ್ರಾಫುಗಳೂ ಚೆನ್ನಾಗಿ ಬಂದವು, ಗೈಡ್ ಮೆಚ್ಚಿಕೊಂಡರು.

ಆ ಧೈರ್ಯದಲ್ಲಿ ಜಗಳೂರು ಕಡೆಯ ಒಂದು ಹಳ್ಳಿಯ ಶಾಲೆಗೆ ಡ್ರಮ್ಮಿನಲ್ಲಿ ಇದ್ದಿಲು ತುಂಬಿದ ಫಿಲ್ಟರ್ ಒಯ್ದು ಕೂರಿಸಿದೆ. ಬೋರ್‌ವೆಲ್ ನೀರು ಹಾಯಿಸಿದೆವು. ಬಿಸಿಯೂಟ ಮಾಡುವ ಅಮ್ಮ ಒಂದು ಲೋಟ ಹಿಡಿದು ನೋಡಿ, "ನೀರು ತಿಳಿಯಾಗೈತೆ, ಇನ್ನು ಹುಡುಗ್ರಿಗೆ ಕೊಡಬೌದೇನಪ್ಪಾ?" ಎಂದು ಕೇಳಿದರು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಪರೀಕ್ಷೆ ಮಾಡದೆ ಬೇಡ ಎಂದು ಹೇಳಿ ಸ್ಯಾಂಪಲ್ ತಂದೆ. ಒಳಬಂದ ನೀರಿನಲ್ಲಿ 3.8 ಇತ್ತು, ಹೊರಬಂದ ನೀರಿನಲ್ಲಿ 2.9. ಎರಡನೆಯ ದಿನದ ಸ್ಯಾಂಪಲ್ಲಿನಲ್ಲಿ ಇಳಿಕೆಯೇ ಕಾಣಲಿಲ್ಲ. ಫ್ಲೋರೈಡಿನಿಂದ ಹಲ್ಲಿನ ಮೇಲೆ ಕಂದು ಗೆರೆ ಮೂಡಿದ ಮಕ್ಕಳ ಎದುರಿನಿಂದ ಆ ಡ್ರಮ್ಮನ್ನು ವಾಪಸ್ ಆಟೋಗೆ ಏರಿಸಿದ್ದು ಇಂದಿಗೂ ನನ್ನ ಕಣ್ಣಮುಂದಿದೆ.

ನಾನು ಮಾಡಿದ ತಪ್ಪು ಒಂದೇ, ಬಟ್ಟಿ ಇಳಿಸಿದ ನೀರನ್ನು ನಂಬಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಂದು ನೀರಿನ ಬದಲು ಇನ್ನೊಂದನ್ನು ಬಳಸಿದಷ್ಟು ಸಣ್ಣ ತಪ್ಪು ಇದಲ್ಲ. ಅಲ್ಯುಮಿನಿಯಂ ಹಿಡಿಸಿದ ಮೇಲ್ಮೈ ಫ್ಲೋರೈಡನ್ನು ಚೆನ್ನಾಗಿ ಹಿಡಿಯುವುದು ನೀರು ತುಸು ಆಮ್ಲೀಯವಾಗಿದ್ದಾಗ. ನಮ್ಮ ಬೋರ್‌ವೆಲ್ ನೀರು ಕ್ಷಾರೀಯ, ಅದರಲ್ಲಿ ಬೈಕಾರ್ಬೊನೇಟ್ ವಿಪರೀತ. ಅದು ಪಿಎಚ್ ಇಳಿದು ನೀರು ಆಮ್ಲೀಯವಾಗದಂತೆ ತಡೆಯುತ್ತದೆ, ಜೊತೆಗೆ ಫ್ಲೋರೈಡ್ ಕೂರಬೇಕಾದ ಜಾಗಕ್ಕೂ ಪೈಪೋಟಿ ನಡೆಸುತ್ತದೆ. ಇದು ಆ ಒಂದು ಹಳ್ಳಿಯ ದುರದೃಷ್ಟವಿರಬೇಕು ಎಂದುಕೊಂಡಿದ್ದ ನನ್ನನ್ನು ಭೂವಿಜ್ಞಾನದ ಅಧ್ಯಾಪಕರೊಬ್ಬರು ಕೂರಿಸಿಕೊಂಡು ತಿದ್ದಿದರು. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಗ್ರಾನೈಟ್ ಮತ್ತು ನೈಸ್ ಶಿಲೆಗಳನ್ನು ಸವೆಸುವಾಗ ನೀರಿಗೆ ಸೋಡಿಯಂ, ಬೈಕಾರ್ಬೊನೇಟ್ ಸೇರುತ್ತವೆ. ಅದೇ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ ಎಂಬ ಖನಿಜಗಳಿಂದ ಫ್ಲೋರೈಡ್ ಬರುತ್ತದೆ. ಹೊಲಗಳಲ್ಲಿ ನಾವು ಕಾಣುವ ಸುಣ್ಣದ ಗಂಟುಗಳಾಗಿ ಕ್ಯಾಲ್ಸಿಯಂ ಹೊರಬಿದ್ದುಹೋಗುವುದರಿಂದ, ಫ್ಲೋರೈಡನ್ನು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಹಿಡಿದಿಡಲು ಏನೂ ಉಳಿಯದೆ ಅದು ನೀರಿನಲ್ಲೇ ನಿಲ್ಲುತ್ತದೆ. ಅಂದರೆ ಇಂಥ ನೆಲದಲ್ಲಿ ನೀರಿಗೆ ಫ್ಲೋರೈಡ್ ತುಂಬುವ ಕ್ರಿಯೆಯೇ ನನ್ನ ಇದ್ದಿಲನ್ನು ಸೋಲಿಸುವ ಬೈಕಾರ್ಬೊನೇಟನ್ನೂ ತುಂಬುತ್ತದೆ. ಫ್ಲೋರೈಡ್ ಇದ್ದೂ ಬೈಕಾರ್ಬೊನೇಟ್ ಇಲ್ಲದ ನೀರನ್ನು ನಾನು ಲ್ಯಾಬಿನಲ್ಲಿ ತಯಾರಿಸಿಕೊಂಡಿದ್ದೆ, ಜಗಳೂರಿನಲ್ಲಿ ಅಂಥ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ.

ನನ್ನ ಬಳಿ ಇದ್ದ ಪ್ರಬಂಧಗಳಲ್ಲಿ ಈ ಸೂಚನೆ ಇರಲಿಲ್ಲವೆಂದಲ್ಲ. ಇತರ ಅಯಾನುಗಳ (ಬೈಕಾರ್ಬೊನೇಟಿನಂತೆ ನೀರಿನಲ್ಲಿ ಕರಗಿರುವ ವಿದ್ಯುದಾವೇಶದ ಕಣಗಳ) ಪರಿಣಾಮ ಎಂಬ ಭಾಗ ಬಹುತೇಕ ಪ್ರಬಂಧಗಳ ಕೊನೆಯ ಪುಟಗಳಲ್ಲಿ ಇತ್ತು, ನಾನು ದಾಟಿಕೊಂಡು ಹೋಗಿದ್ದೆ. ಹುಡುಕುವಾಗ ಕಳೆದ ಐದು ವರ್ಷಗಳದ್ದು ಮಾತ್ರ ಸಾಕೆಂದು ಮಿತಿ ಹಾಕಿಕೊಂಡಿದ್ದೆ. ಆದರೆ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಫ್ಲೋರೋಸಿಸ್ (ಅತಿಯಾದ ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಡುವ ಕಾಯಿಲೆ) ವರದಿಯಾದದ್ದು 1937ರಲ್ಲಿ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ, ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನವೂ ದಶಕಗಳಷ್ಟು ಹಳೆಯದು. ಅದರಲ್ಲಿ ಪಟಿಕ ಎಷ್ಟು ಹಾಕಬೇಕೆಂಬ ಕೋಷ್ಟಕವಿದೆ: ಒಂದು ಕಡೆ ನೀರಿನ ಫ್ಲೋರೈಡ್, ಇನ್ನೊಂದು ಕಡೆ ನೀರಿನ ಕ್ಷಾರತೆ, ಅಂದರೆ ಬಹುಮಟ್ಟಿಗೆ ಆ ಬೈಕಾರ್ಬೊನೇಟೇ. ನನಗೆ ಬೇಕಾಗಿದ್ದ ಉತ್ತರ ಆ ಹಳೆಯ ಕೋಷ್ಟಕದ ತಲೆಬರಹದಲ್ಲೇ ಇತ್ತು.

ಆದ್ದರಿಂದ ಯಾವುದು ಹೊಸದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಂಓಎಫ್ ಕಡಿಮೆಯ ವಿಷಯವೆಂದು ನನ್ನ ಮಾತಿನ ಅರ್ಥವಲ್ಲ. ಆ ಲೋಹ-ಸಾವಯವ ಚೌಕಟ್ಟುಗಳಿಗಾಗಿ ಕಿತಗಾವಾ, ರಾಬ್ಸನ್, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರ ನೊಬೆಲ್ ಬಂದಿದೆ, ಅವುಗಳಲ್ಲಿ ಕೆಲವನ್ನು ಫ್ಲೋರೈಡ್ ತೆಗೆಯಲು ಪರೀಕ್ಷಿಸಿಯೂ ಇದ್ದಾರೆ. ಆದರೆ ಎಂಓಎಫ್-5 ತೇವ ತಾಗಿದರೇ ಕೆಡುತ್ತದೆ, ಇತರ ಕೆಲವು ನೀರಿನಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ. ಹೆಸರು ಒಂದೇ ಎಂದು ಗುಣ ಒಂದೇ ಎನ್ನಲಾಗದು. ಮಷೀನ್ ಲರ್ನಿಂಗ್ ಮಾದರಿಗೆ ಬಟ್ಟಿ ನೀರಿನ ಅಂಕಿಗಳನ್ನೇ ಉಣಿಸಿದರೆ ನನ್ನ ತಪ್ಪನ್ನೇ ಅದು ಇನ್ನಷ್ಟು ಭರವಸೆಯಿಂದ ಹೇಳುತ್ತದೆ. ಮೂರರಲ್ಲಿ ಯಾವುದಾದರೂ ನಡೆಯಬಹುದು, ಆದರೆ ಯಾವುದೆಂದು ತೀರ್ಮಾನಿಸಬೇಕಾದದ್ದು ಅಲ್ಲಿನ ನೀರು, ನೀವಲ್ಲ.

ಸಿನಾಪ್ಸಿಸ್ ಬರೆಯುವ ಮೊದಲು ಒಂದು ಶನಿವಾರ ಜಗಳೂರಿನ ಬಸ್ ಹತ್ತಿ, ಮೂರು ಬೋರ್‌ವೆಲ್‌ಗಳಿಂದ ಒಂದೊಂದು ಕ್ಯಾನ್ ನೀರು ತನ್ನಿ. ಫ್ಲೋರೈಡಿನ ಜೊತೆಗೇ ಪಿಎಚ್, ಕ್ಷಾರತೆ, ಕ್ಯಾಲ್ಸಿಯಂ ಅಳೆಯಿಸಿ, ಆ ಹಾಳೆಯನ್ನು ನಿಮ್ಮ ಗೈಡಿಗೂ ಭೂವಿಜ್ಞಾನ ವಿಭಾಗದ ಒಬ್ಬರಿಗೂ ತೋರಿಸಿ. ಆಮೇಲೆ ನೀವು ಇಷ್ಟಪಟ್ಟ ಪ್ರಬಂಧವನ್ನು ತೆರೆದು, ಅವರು ಯಾವ ನೀರಿನಲ್ಲಿ ಪರೀಕ್ಷೆ ಮಾಡಿದ್ದಾರೆ ಎಂಬ ಒಂದು ಸಾಲನ್ನು ಎಲ್ಲಕ್ಕಿಂತ ಮೊದಲು ಹುಡುಕಿ.