ವೇಲು ನಾಯಕನಿಗೆ ನೀವೇ ಉತ್ತರ ಕೊಟ್ಟುಬಿಟ್ಟಿರಿ

ನಮಸ್ಕಾರ.

ಮಣಿರತ್ನಂ ಅವರ ತಮಿಳು ಸಿನಿಮಾ 'ನಾಯಕನ್' ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಹದಿನಾರು ಪುಟ. ಮೊದಲ ಸಲ ಬಸ್ಸಿನಲ್ಲಿ ಓದಿದೆ. ಎರಡನೇ ಸಲ ಮನೆಯಲ್ಲಿ ಕೂತು, ಪೆನ್ನು ಹಿಡಿದು ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಪತ್ರದ ಕೊನೆಯವರೆಗೂ ಕಾಯುವುದು ಬೇಡ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಹನ್ನೊಂದನೇ ಪುಟದಲ್ಲಿ ನಾಲ್ಕು ಸಾಲಾಗಿ ಕೂತಿದೆ. ಅದನ್ನು ನೀವು ಹೊರಗೆ ತರಬೇಕು ಅನ್ನುವ ಆಸೆಯಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ವಾಕ್ಯದಿಂದ ಶುರು ಮಾಡೋಣ, ಕಮಲ್ ಹಾಸನ್ ಮಾಡಿದ ಬಾಂಬೆಯ ಡಾನ್ ವೇಲು ಬಗ್ಗೆ ಇರುವ ವಾಕ್ಯ. "ಬಡವರ ಪಾಲಿನ ದೇವರಾಗಿದ್ದ ವೇಲು ನಾಯಕನ ಅಮರಗಾಥೆಯೇ ಈ ಚಿತ್ರ" ಎಂದು ಬರೆದಿದ್ದೀರಿ. ಸಿನಿಮಾದ ಕೊನೆಗೆ ಬನ್ನಿ. ಮೊಮ್ಮಗ ಅಜ್ಜನನ್ನು ಕೇಳುತ್ತಾನೆ: ನೀವು ಒಳ್ಳೆಯವರಾ, ಕೆಟ್ಟವರಾ? ವೇಲು ಹೇಳುವುದು ಇಷ್ಟೇ, ಗೊತ್ತಿಲ್ಲಪ್ಪಾ. ಎರಡು ಗಂಟೆಗೂ ಜಾಸ್ತಿ ಹೊತ್ತು ಆ ಮನುಷ್ಯನ ಇಡೀ ಬದುಕನ್ನು ತೋರಿಸಿದ ಮೇಲೆ, ಅವನ ಬಾಯಿಂದಲೇ ಮಣಿರತ್ನಂ ಆ ಮಾತು ಹೇಳಿಸಿದರು. ಅವರು ಕೊಡದೆ ಉಳಿಸಿಕೊಂಡ ಉತ್ತರವನ್ನು ನೀವು ಮೊದಲ ಸಾಲಿನಲ್ಲೇ ಕೊಟ್ಟುಬಿಟ್ಟಿರಿ. ಆಮೇಲೆ ಓದುವವರಿಗೆ ಏನು ಉಳಿಯಿತು, ಹೇಳಿ?

ನಿಮ್ಮ ಲೇಖನದ ಮುಖ್ಯ ತೊಂದರೆ ಇದೇ. ಉಳಿದದ್ದೆಲ್ಲ ಇದರಿಂದ ಹುಟ್ಟಿದ್ದು. ವೇಲು ದೇವರು ಎಂದು ತೀರ್ಮಾನ ಮಾಡಿಕೊಂಡು ಕೂತಿದ್ದರಿಂದ ಸಿನಿಮಾದಲ್ಲಿ ಕಣ್ಣಿಗೆ ಬಿದ್ದ ಎಷ್ಟೋ ಸಂಗತಿಗಳನ್ನು ನೀವು ಬಿಡಬೇಕಾಯಿತು. ಅಜಿತ್ ಕೇಳ್ಕರ್‌ನ ವಿಷಯವನ್ನೇ ತೆಗೆದುಕೊಳ್ಳಿ. "ಕೊನೆಗೆ ನಾಯಕ ಒಬ್ಬ ಹುಚ್ಚನ ಗುಂಡಿಗೆ ಬಲಿಯಾಗುತ್ತಾನೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಈ ಸಾಲು ಓದಿ ನನಗೆ ನಿಜವಾಗಿ ಬೇಜಾರಾಯಿತು.

ಅಜಿತ್ ಯಾರು? ಇನ್‌ಸ್ಪೆಕ್ಟರ್ ಕೇಳ್ಕರ್‌ನ ಮಗ. ವೇಲುವನ್ನು ಸಾಕಿದ ಹುಸೇನ್ ಭಾಯಿಯನ್ನು ಲಾಕಪ್ಪಿನಲ್ಲಿ ಸಾಯಿಸಿದವನು ಆ ಕೇಳ್ಕರ್. ಅದಕ್ಕೆ ವೇಲು ಅವನನ್ನು ಕೊಲ್ಲುತ್ತಾನೆ. ಆಮೇಲೆ ನೋಡಿದರೆ ಸತ್ತವನಿಗೆ ಹೆಂಡತಿ ಇದ್ದಾಳೆ, ಬುದ್ಧಿ ಬೆಳೆಯದ ಒಂದು ಮಗು ಇದೆ. ಆ ಸಂಸಾರವನ್ನು ವೇಲುವೇ ನೋಡಿಕೊಳ್ಳುತ್ತಾನೆ. ಆ ಮಗು ಬೆಳೆದು ದೊಡ್ಡವನಾಗಿ, ತನ್ನ ಅಪ್ಪನನ್ನು ಕೊಂದವರು ಯಾರು ಎಂದು ತಿಳಿದ ದಿನ ವೇಲುವಿಗೆ ಗುಂಡು ಹೊಡೆಯುತ್ತಾನೆ. ಈಗ ಸಿನಿಮಾದ ಶುರುವಿಗೆ ಹೋಗಿ. ಅಲ್ಲೂ ಒಬ್ಬ ಹುಡುಗ ಇದ್ದಾನೆ. ಪೊಲೀಸರು ಅವನ ಅಪ್ಪನನ್ನು ಗುಂಡಿಕ್ಕಿ ಕೊಂದಿದ್ದಾರೆ. ಆ ಹುಡುಗ ಪೊಲೀಸ್ ಅಧಿಕಾರಿಯನ್ನು ಇರಿದು ಬಾಂಬೆಗೆ ಓಡಿ ಬರುತ್ತಾನೆ. ಅವನೇ ವೇಲು. ಅಪ್ಪನನ್ನು ಕಳೆದುಕೊಂಡ ಮಗುವಿನಿಂದ ಶುರುವಾದ ಕಥೆ, ಅಪ್ಪನನ್ನು ಕಳೆದುಕೊಂಡ ಇನ್ನೊಂದು ಮಗುವಿನ ಕೈಯಲ್ಲಿ ಮುಗಿಯುತ್ತದೆ. ವೇಲು ಮಾಡಿದ ಕೊಲೆಯೂ ಅವನು ಮಾಡಿದ ಉಪಕಾರವೂ ಹೋಗಿ ಸೇರಿದ್ದು ಒಂದೇ ಮನೆಗೆ. ಇದನ್ನು "ಹುಚ್ಚನ ಗುಂಡು" ಎಂದರೆ ಹೇಗೆ? ನೀವು ಸಿನಿಮಾವನ್ನು ಏಳು ಸಲ ನೋಡಿದ್ದೇನೆ ಎಂದು ಪತ್ರದಲ್ಲಿ ಬರೆದಿದ್ದೀರಿ. ನಂಬುತ್ತೇನೆ. ಎಂಟನೇ ಸಲ ಅಜಿತ್‌ನನ್ನೇ ನೋಡುತ್ತಾ ಕೂತುಕೊಳ್ಳಿ. ಟಿನ್ನು ಆನಂದ್ ಮಾಡಿದ ಪಾತ್ರ ಅದು.

ಇನ್ನು ವಿಶೇಷಣಗಳು. "ಅದ್ಭುತ" ಎಂಬ ಪದ ಹನ್ನೊಂದು ಸಲ ಬಂದಿದೆ, "ಮೈಲಿಗಲ್ಲು" ನಾಲ್ಕು ಸಲ. ನಾನು ಎಣಿಸಿದೆ. ಇವು ನಿಮ್ಮ ಪದಗಳಲ್ಲ, ಎಲ್ಲರೂ ಬರೆದು ಬರೆದು ಸವೆದವು. ನೀಲಾಳ ದೃಶ್ಯದ ಬಗ್ಗೆ ನೀವು ಬರೆದದ್ದು ಹೀಗಿದೆ: "ಅಸಹಾಯಕ ಹೆಣ್ಣಿನ ಶೋಷಣೆಯನ್ನು ನಿರ್ದೇಶಕರು ಮನಕಲಕುವಂತೆ ಚಿತ್ರಿಸಿದ್ದಾರೆ." ಈ ವಾಕ್ಯವನ್ನು ನೂರು ಸಿನಿಮಾಗಳ ಬಗ್ಗೆ ಬರೆಯಬಹುದು. ಆದರೆ ತೆರೆಯ ಮೇಲೆ ನೀವು ನೋಡಿದ್ದೇನು? ವೇಲುವನ್ನು ಗೆಳೆಯರು ವೇಶ್ಯೆಯರ ಮನೆಗೆ ಕರೆದುಕೊಂಡು ಹೋಗುತ್ತಾರೆ. ಕೋಣೆಯೊಳಗೆ ನೀಲಾ ಇದ್ದಾಳೆ. ಇನ್ನೂ ಸ್ಕೂಲಿಗೆ ಹೋಗುವ ಹುಡುಗಿ. ಅವಳು ವೇಲುವನ್ನು ಕೇಳುವುದು ಒಂದೇ ಮಾತು: ಸ್ವಲ್ಪ ಬೇಗ ಬಿಟ್ಟುಬಿಡ್ತೀರಾ, ನಾಳೆ ಲೆಕ್ಕದ ಪರೀಕ್ಷೆ ಇದೆ.

ಲೆಕ್ಕದ ಪರೀಕ್ಷೆ! ನಾವೆಲ್ಲರೂ ಹಿಂದಿನ ರಾತ್ರಿ ಹೊಟ್ಟೆ ಕಲಸಿಕೊಂಡು ಕೂತವರೇ ಅಲ್ವಾ. ಅದೇ ಭಯವನ್ನು ಆ ಹುಡುಗಿ ಆ ಕೋಣೆಯಲ್ಲಿ ಇಟ್ಟುಕೊಂಡಿದ್ದಾಳೆ. ನಾಳೆ ಬೆಳಿಗ್ಗೆ ಬೆಂಚಿನ ಮೇಲೆ ಕೂತು ಲೆಕ್ಕ ಬಿಡಿಸುವ ಹುಡುಗಿ ತಾನು ಎಂದೇ ಅವಳು ಈಗಲೂ ನಂಬಿದ್ದಾಳೆ. ಬಾಲಕುಮಾರನ್ ಬರೆದ ಸಂಭಾಷಣೆ ಅದು, ಮಾಡಿದ್ದು ಶರಣ್ಯಾ, ಅವರ ಮೊದಲ ಸಿನಿಮಾ. ನೀವು ಈ ಒಂದು ಮಾತನ್ನು ಹಾಗೇ ಎತ್ತಿ ಬರೆದಿದ್ದರೆ ಸಾಕಿತ್ತು. "ಶೋಷಣೆ" ಎಂಬ ಪದವೇ ಬೇಕಾಗುತ್ತಿರಲಿಲ್ಲ. ಓದಿದವರ ಹೊಟ್ಟೆಯೊಳಗೆ ಅದು ತಾನಾಗಿ ಹುಟ್ಟುತ್ತಿತ್ತು.

ಕೆಲವು ತಪ್ಪುಗಳನ್ನು ತಿದ್ದಬೇಕು. ಇಡೀ ಸಿನಿಮಾ ಧಾರಾವಿಯಲ್ಲೇ ತೆಗೆದದ್ದು ಎಂದಿದ್ದೀರಿ. ಇಲ್ಲ. ನಾವು ನೋಡುವ ಧಾರಾವಿಯ ಬಹುಪಾಲು ಮದ್ರಾಸಿನ ವೀನಸ್ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಅದನ್ನು ಕಟ್ಟಿದವರು ತೋಟ ತರಣಿ. ನಿಮಗೆ ಇದು ಸಣ್ಣ ತಪ್ಪು ಅನಿಸಬಹುದು. ಆದರೆ ತಪ್ಪಿನ ಹಿಂದೆ ಒಂದು ಒಳ್ಳೆಯ ವಿಷಯ ಮುಚ್ಚಿಹೋಗಿದೆ. ಏಳು ಸಲ ನೋಡಿದ ನಿಮಗೇ ಅದು ಸೆಟ್ ಎಂದು ಗೊತ್ತಾಗಲಿಲ್ಲ. ಅದಕ್ಕಿಂತ ದೊಡ್ಡ ಹೊಗಳಿಕೆ ಕಲಾ ನಿರ್ದೇಶಕನಿಗೆ ಬೇರೆ ಬೇಕಾ? ಆ ತಗಡಿನ ಸಾಲಿನ ಮೇಲೆ ಛಾಯಾಗ್ರಾಹಕ ಪಿ.ಸಿ. ಶ್ರೀರಾಮ್ ಬೆಳಕು ಹಾಕಿದ ರೀತಿ ನೋಡಿ. ಎಷ್ಟೋ ಕಡೆ ಬೆಳಕು ಮೇಲಿನಿಂದ ಬೀಳುತ್ತದೆ, ಮುಖದ ಅರ್ಧ ಕತ್ತಲಲ್ಲೇ ಉಳಿಯುತ್ತದೆ. ಹೀರೋನ ಮುಖ ಪೂರ್ತಿ ಕಾಣಲೇಬೇಕು ಅನ್ನುವ ಕಾಲದಲ್ಲಿ ಕಮಲ್ ಹಾಸನ್ ಮುಖವನ್ನು ಕತ್ತಲಲ್ಲಿ ಬಿಟ್ಟರು. ಒಳ್ಳೆಯವನಾ ಕೆಟ್ಟವನಾ ಎಂದು ಮೊಮ್ಮಗ ಕೊನೆಗೆ ಕೇಳಿದ್ದನ್ನು ಕ್ಯಾಮೆರಾ ಮೊದಲಿನಿಂದ ಕೇಳುತ್ತಲೇ ಇದೆ ಎಂದು ನನಗೆ ಅನಿಸುತ್ತದೆ. ನಿಮಗೆ ಹಾಗೆ ಅನಿಸದಿದ್ದರೆ ಅನಿಸಿದ್ದನ್ನು ಬರೆಯಿರಿ, ಸಂತೋಷ.

ಎರಡನೆಯದು, ಸಿನಿಮಾ ಆಸ್ಕರ್‌ಗೆ ನಾಮನಿರ್ದೇಶನ ಆಗಿತ್ತು ಎಂಬ ಮಾತು. ಆಗಿರಲಿಲ್ಲ. ಭಾರತದ ಪರವಾಗಿ ಕಳಿಸಿದ ಸಿನಿಮಾ ಅದು. ಕೊನೆಯ ಐದರ ಪಟ್ಟಿಗೆ ಬರಲಿಲ್ಲ. ಬಹಳ ಜನ ಮಾಡುವ ತಪ್ಪು ಇದು, ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ. ರಾಷ್ಟ್ರ ಪ್ರಶಸ್ತಿಗಳು ಸರಿಯಾಗಿವೆ: ಕಮಲ್ ಹಾಸನ್, ಪಿ.ಸಿ. ಶ್ರೀರಾಮ್, ತೋಟ ತರಣಿ, ಮೂವರಿಗೂ ಬಂತು. 2005ರ ಟೈಮ್ ಪತ್ರಿಕೆಯ ನೂರು ಸಿನಿಮಾಗಳ ಪಟ್ಟಿಯೂ ಸರಿ. ಆದರೆ "ಜಗತ್ತೇ ಒಪ್ಪಿಕೊಂಡಿತು" ಎಂದಿದ್ದೀರಿ. ಆ ಪಟ್ಟಿ ಮಾಡಿದ್ದು ಆ ಪತ್ರಿಕೆಯ ಇಬ್ಬರು ವಿಮರ್ಶಕರು. ಅಷ್ಟೇ ಬರೆದರೆ ಸಾಕು, ಅದರ ಬೆಲೆ ಕಡಿಮೆಯಾಗುವುದಿಲ್ಲ.

ಮೂರನೆಯದು ನನಗೆ ಜಾಸ್ತಿ ಮುಖ್ಯ ಅನಿಸಿತು. "ಬಿಡುಗಡೆಯಾದಾಗ ಜನ ಕೈಬಿಟ್ಟರು, ಇತಿಹಾಸ ಕೈಹಿಡಿಯಿತು" ಎಂದು ಬರೆದಿದ್ದೀರಿ. ಕೇಳಲು ಚೆನ್ನಾಗಿದೆ, ನಿಜ ಅಲ್ಲ. 1987ರ ಅಕ್ಟೋಬರ್ 21, ದೀಪಾವಳಿಗೆ ಅದು ತೆರೆಗೆ ಬಂತು. ಅದೇ ದಿನ ರಜನಿಕಾಂತ್ ಅವರ 'ಮನಿದನ್' ಕೂಡ ಬಂತು. ಹಬ್ಬದ ದಿನ, ಎದುರಿಗೆ ಅಂಥ ಸಿನಿಮಾ ಇದ್ದೂ ಜನ 'ನಾಯಕನ್' ನೋಡಿದರು. ಎರಡೂ ಗೆದ್ದವು. ನಮಗೆ ಇಷ್ಟವಾದ ಸಿನಿಮಾವನ್ನು ಯಾರೂ ಅರ್ಥ ಮಾಡಿಕೊಳ್ಳಲಿಲ್ಲ ಎಂದು ಹೇಳುವಾಗ ನಾವು ಸ್ವಲ್ಪ ದೊಡ್ಡವರಾದಂತೆ ಅನಿಸುತ್ತದೆ. ನನಗೂ ಆ ವಯಸ್ಸಿನಲ್ಲಿ ಹಾಗೆ ಅನಿಸುತ್ತಿತ್ತು. ಆದರೆ ಪಟಾಕಿ ಹೊಡೆದು, ಹೊಸ ಬಟ್ಟೆ ಹಾಕಿಕೊಂಡು, ಮಕ್ಕಳನ್ನು ಕರೆದುಕೊಂಡು ಬಂದ ಜನ, ಹೀರೋ ಕೊನೆಗೆ ಸಾಯುವ, ಮಗನ ಹೆಣದ ಮುಂದೆ ಅಪ್ಪ ಕುಸಿದು ಅಳುವ ಸಿನಿಮಾವನ್ನು ಗೆಲ್ಲಿಸಿದರಲ್ಲ, ಅದು ಎಷ್ಟು ದೊಡ್ಡ ಸಂಗತಿ! ಆ ಜನರನ್ನು ದಡ್ಡರು ಮಾಡಬೇಡಿ.

ಗಾಡ್‌ಫಾದರ್ ಹೋಲಿಕೆಗೆ ಮೂರು ಪುಟ ಕೊಟ್ಟಿದ್ದೀರಿ. ಪ್ರಭಾವ ಇದೆ, ಎಲ್ಲರಿಗೂ ಗೊತ್ತು. ಒಂದು ಪ್ಯಾರಾ ಸಾಕು. ಆ ಮೂರು ಪುಟದಲ್ಲಿ ನೀವು ಏನು ಬರೆಯಬಹುದಿತ್ತು ಎಂದರೆ, ಹುಸೇನ್ ಭಾಯಿಯ ಬಗ್ಗೆ. ನೀವು ಆ ಪಾತ್ರವನ್ನು "ಒಬ್ಬ ಮುಸ್ಲಿಂ ಕಳ್ಳಸಾಗಣೆದಾರ" ಎಂದಷ್ಟೇ ಹೇಳಿ ಮುಂದೆ ಹೋಗಿದ್ದೀರಿ. ಆ ಮುಖ ನಿಮಗೆ ಗೊತ್ತಾಗಲಿಲ್ಲವಾ? ಅವರು ಎಂ.ವಿ. ವಾಸುದೇವ ರಾವ್. ನಮ್ಮ 'ಚೋಮನ ದುಡಿ'ಯ ಚೋಮ. ಆ ಪಾತ್ರಕ್ಕೆ 1975ರ ಸಿನಿಮಾಗಳಲ್ಲಿ ಶ್ರೇಷ್ಠ ನಟ ಎಂದು ರಾಷ್ಟ್ರ ಪ್ರಶಸ್ತಿ ಪಡೆದವರು. ತುಂಡು ಭೂಮಿಗೆ ಆಸೆಪಟ್ಟು, ಕತ್ತಲಲ್ಲಿ ದುಡಿ ಬಡಿಯುತ್ತಾ ಕೂತ ಆ ಮನುಷ್ಯ ಹನ್ನೆರಡು ವರ್ಷದ ನಂತರ ಧಾರಾವಿಯಲ್ಲಿ ಒಬ್ಬ ಅನಾಥ ತಮಿಳು ಹುಡುಗನಿಗೆ ಅಪ್ಪನಾಗಿ ನಿಂತಿದ್ದಾರೆ. ಕನ್ನಡದಲ್ಲಿ ಬರೆಯುವ ನಿಮಗೆ, ಕನ್ನಡದಲ್ಲಿ ಓದುವ ನಮಗೆ ಇದು ಎಷ್ಟು ಹತ್ತಿರದ ವಿಷಯ! ಮಣಿರತ್ನಂ ಅವರ ಮೊದಲ ಸಿನಿಮಾ 1983ರ 'ಪಲ್ಲವಿ ಅನುಪಲ್ಲವಿ' ಕನ್ನಡದ್ದು ಎಂದು ಹೆಮ್ಮೆಯಿಂದ ಬರೆದಿದ್ದೀರಿ, ಒಳ್ಳೆಯದು. ಆದರೆ ಆ ಹೆಮ್ಮೆ 'ನಾಯಕನ್' ಒಳಗೇ ಇರುವ ಕನ್ನಡದ ಮುಖವನ್ನು ಗುರುತಿಸದೇ ಹೋಯಿತು.

ಈಗ ಹನ್ನೊಂದನೇ ಪುಟಕ್ಕೆ ಬರುತ್ತೇನೆ. ಸಿನಿಮಾ "ವರದರಾಜ ಮುದಲಿಯಾರ್ ಅವರ ನಿಜಜೀವನದ ಕಥೆ" ಎಂದು ಶುರು ಮಾಡಿ (ಜನ ವರದಾ ಭಾಯಿ ಎನ್ನುತ್ತಿದ್ದ ಬಾಂಬೆಯ ಡಾನ್ ಅವನು), ಆಮೇಲೆ ನೀವು ಈ ನಾಲ್ಕು ಸಾಲು ಬರೆದಿದ್ದೀರಿ:

"ನಮ್ಮ ದೊಡ್ಡಪ್ಪ ಆಗ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮಾಣಿಯಾಗಿದ್ದರು. ಗಣೇಶ ಚೌತಿಗೆ ವರದಾ ಭಾಯಿಯ ಪೆಂಡಾಲು ನೋಡಲು, ರಾತ್ರಿ ಹೋಟೆಲು ತೊಳೆದ ಮೇಲೆ ಹೋಗುತ್ತಿದ್ದರಂತೆ. ಸಾಲಿನಲ್ಲಿ ನಿಂತವರು ಚಪ್ಪಲಿ ಕೈಯಲ್ಲಿ ಹಿಡಿದಿರುತ್ತಿದ್ದರಂತೆ. ಮುಂದೆ ನಾಯಕನ್ ನೋಡಿ ಬಂದು ದೊಡ್ಡಪ್ಪ 'ಇದು ಬೇರೆ ಮನುಷ್ಯ' ಎಂದರಂತೆ."

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಇಷ್ಟು ಚೆನ್ನಾಗಿ ಬರೆಯಲು ಬರುವವರು ಉಳಿದ ಹದಿನೈದು ಪುಟ ಯಾಕೆ ಹಾಗೆ ಬರೆದಿರಿ? ಈ ನಾಲ್ಕು ಸಾಲಿನಲ್ಲಿ ಒಂದೂ "ಅದ್ಭುತ" ಇಲ್ಲ. ತೊಳೆದ ಹೋಟೆಲಿನ ಒದ್ದೆ ನೆಲ ಇದೆ, ಕೈಯಲ್ಲಿ ಹಿಡಿದ ಚಪ್ಪಲಿ ಇದೆ. ಮತ್ತೆ ದೊಡ್ಡಪ್ಪನ ಆ ಮಾತು. ನಿಮ್ಮ ಇಡೀ ಲೇಖನ "ಇದು ನಿಜಕಥೆ" ಎಂದು ಸಾಧಿಸಲು ಹೊರಟಿದೆ. ಪಕ್ಕದಿಂದಲೇ ನೋಡಿದ ನಿಮ್ಮ ದೊಡ್ಡಪ್ಪ "ಇದು ಬೇರೆ ಮನುಷ್ಯ" ಅನ್ನುತ್ತಿದ್ದಾರೆ. ನೀವು ಅವರ ಮಾತು ಕೇಳಿಸಿಕೊಂಡು, ಬರೆದುಕೊಂಡು, ಮರುಸಾಲಿಗೇ ಪ್ರಶಸ್ತಿಗಳ ಪಟ್ಟಿಗೆ ಹಾರಿದ್ದೀರಿ.

ವರದರಾಜನ್ ಬಾಂಬೆಯಲ್ಲಿ ಕಳ್ಳಭಟ್ಟಿ, ಕಳ್ಳಸಾಗಣೆಯಿಂದ ಬೆಳೆದವನು. ಮಾಟುಂಗ ಸ್ಟೇಷನ್ ಹತ್ತಿರ ಅವನು ಕೂರಿಸುತ್ತಿದ್ದ ಗಣಪತಿ ಊರಿಗೆಲ್ಲ ಹೆಸರಾಗಿತ್ತು. ಎಂಬತ್ತರ ದಶಕದಲ್ಲಿ ಪೊಲೀಸರು ಬಿಗಿ ಮಾಡಿದಾಗ ಮದ್ರಾಸಿಗೆ ಹೋದ. 1988ರಲ್ಲಿ, ಸಿನಿಮಾ ಬಂದು ಕೆಲವೇ ತಿಂಗಳಿಗೆ, ಅಲ್ಲೇ ತೀರಿಕೊಂಡ. ಮಣಿರತ್ನಂ ಎಪ್ಪತ್ತರ ದಶಕದಲ್ಲಿ ಬಾಂಬೆಯಲ್ಲಿ ಎಂ.ಬಿ.ಎ. ಓದಿದವರು, ಆ ಹೆಸರು ಜೋರಾಗಿದ್ದ ಕಾಲ ಅದು. ಅಲ್ಲಿಂದ ಬೀಜ ಬಂತು, ನಿಜ. ಗಿಡ ಬೇರೆಯೇ ಬೆಳೆಯಿತು. ಬೀಜಕ್ಕೂ ಗಿಡಕ್ಕೂ ನಡುವಿನ ಜಾಗದಲ್ಲಿ ನಿಮ್ಮ ದೊಡ್ಡಪ್ಪ ನಿಂತಿದ್ದಾರೆ. ಅಲ್ಲಿ ನಿಂತು ಬರೆಯಲು ನನಗೆ ಗೊತ್ತಿರುವವರಲ್ಲಿ ನಿಮ್ಮೊಬ್ಬರಿಗೇ ಸಾಧ್ಯ.

ಅದಕ್ಕೇ ಕೇಳುತ್ತಿದ್ದೇನೆ, ದೊಡ್ಡಪ್ಪನ ಹತ್ತಿರ ಒಂದು ಮಧ್ಯಾಹ್ನ ಕೂತುಕೊಳ್ಳಿ. ಫೋನಿನಲ್ಲಿ ಬೇಡ, ಎದುರಿಗೆ. ಬೇರೆ ಮನುಷ್ಯ ಅಂದಿರಲ್ಲ, ಎಲ್ಲಿ ಬೇರೆ ಅನಿಸಿತು ಎಂದು ಕೇಳಿ. ಸಿನಿಮಾ ಎಲ್ಲಿ ನೋಡಿದರು, ಮಾಟುಂಗದಲ್ಲಿ ತಮಿಳು ಸಿನಿಮಾ ಹಾಕುತ್ತಿದ್ದ ಅರೋರಾ ಟಾಕೀಸಿನಲ್ಲಾ? ಪಕ್ಕದಲ್ಲಿ ಯಾರು ಕೂತಿದ್ದರು? ಹೋಟೆಲಿಗೆ ಆ ಕಡೆಯ ಹುಡುಗರು ಊಟಕ್ಕೆ ಬರುತ್ತಿದ್ದರಾ, ಬಿಲ್ಲು ಕೊಡುತ್ತಿದ್ದರಾ? ದೊಡ್ಡಪ್ಪನಿಗೆ ಅವರನ್ನು ಕಂಡರೆ ಭಯ ಇತ್ತಾ, ಗೌರವ ಇತ್ತಾ? ಅವರಿಗೆ ನೆನಪಿಲ್ಲ ಎಂದರೆ ನೆನಪಿಲ್ಲ ಎಂದೇ ಬರೆಯಿರಿ. ನೀವಾಗಿ ತುಂಬಬೇಡಿ. ಅವರು ಸುಮ್ನೆ ಕೂತರೆ ನೀವೂ ಸುಮ್ನೆ ಕೂತಿರಿ, ಸ್ವಲ್ಪ ಹೊತ್ತಿಗೆ ತಾವಾಗಿ ಮಾತಾಡುತ್ತಾರೆ.

ಆಮೇಲೆ ಸಿನಿಮಾವನ್ನು ಅವರ ಜೊತೆ ಇನ್ನೊಂದು ಸಲ ನೋಡಿ. ಸಾಧ್ಯವಾದರೆ ನೀವು ಟಿವಿ ಕಡೆ ನೋಡದೆ ಅವರ ಮುಖ ನೋಡಿ. ಹುಸೇನ್ ಭಾಯಿ ಬಂದಾಗ ಚೋಮನ ಗುರುತು ಅವರಿಗೆ ಸಿಗುತ್ತದಾ ಅನ್ನುವ ಕುತೂಹಲ ನನಗಂತೂ ಇದೆ.

ಲೇಖನ ಏಳೆಂಟು ಪುಟ ಇರಲಿ. ಹನ್ನೊಂದನೇ ಪುಟದ ಆ ನಾಲ್ಕು ಸಾಲಿನಿಂದ ಶುರು ಮಾಡಿ. ಅವಸರ ಇಲ್ಲ, ಚೌತಿಯ ಹೊತ್ತಿಗೆ ಕಳಿಸಿದರೂ ಆಯಿತು. ನಿಮ್ಮ ಹಳೆಯ ಪ್ರತಿಯನ್ನು ನನ್ನ ಗುರುತುಗಳ ಸಮೇತ ವಾಪಸ್ ಕಳಿಸುತ್ತಿದ್ದೇನೆ. ಕೆಂಪು ಗೆರೆ ಜಾಸ್ತಿ ಇದೆ. ಆ ಪುಟದಲ್ಲಿ ಮಾತ್ರ ಒಂದೂ ಇಲ್ಲ.