ಎರಡು ಹೊತ್ತು ಹಲ್ಲುಜ್ಜಿದರೂ ಹುಳುಕು ಯಾಕೆ?

ಪ್ರಶ್ನೆ: ನನಗೆ 34 ವರ್ಷ. ಬೆಳಿಗ್ಗೆ, ರಾತ್ರಿ ತಪ್ಪದೆ ಗಿಡಮೂಲಿಕೆ ಪೇಸ್ಟಿನಲ್ಲಿ ಹಲ್ಲುಜ್ಜುತ್ತೇನೆ. ಸಿಹಿ ತಿನ್ನುವುದು ಹಬ್ಬಕ್ಕೆ ಮಾತ್ರ. ಆಫೀಸಿನಲ್ಲಿ ದಿನಕ್ಕೆ ನಾಲ್ಕೈದು ಬೈ-ಟು ಕಾಫಿ ಆಗುತ್ತದೆ. ಈಗ ಎರಡು ದವಡೆ ಹಲ್ಲುಗಳ ಸಂದಿಯಲ್ಲಿ ಹುಳುಕು ಶುರುವಾಗಿದೆಯಂತೆ. ಆರು ವರ್ಷದ ಮಗಳಿಗೂ ಇದೇ ಪೇಸ್ಟ್ ಕೊಡಬಹುದೇ?
– ಓದುಗರು, ಬಸವನಗುಡಿ

ಉತ್ತರ: ನೀವು ಹೇಳಿದ್ದರಲ್ಲಿ ಅನುಮಾನ ಬರುವುದು ಕಾಫಿಯ ಮೇಲೆ, ಆಮೇಲೆ ಪೇಸ್ಟಿನ ಮೇಲೆ.

ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿಗಂಟಿದ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ. ಪಿಎಚ್ (ಆಮ್ಲದ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿದೂಗಿಸಲು ಅರ್ಧ ಗಂಟೆಯಾದರೂ ಬೇಕು. ಐದು ಸಲ ಸಕ್ಕರೆ ಹಾಕಿದ ಕಾಫಿ ಕುಡಿದರೆ ಐದು ಸಲವೂ ಇದೇ ಕಥೆ; ಬೈ-ಟು ಅಂತ ಅರ್ಧ ಲೋಟ ಕುಡಿದರೆ ರಿಯಾಯಿತಿಯೇನೂ ಸಿಗುವುದಿಲ್ಲ. ಕೀಬೋರ್ಡ್ ಪಕ್ಕ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುವುದು ಇನ್ನೂ ಕೆಟ್ಟದ್ದು. ನಿಮ್ಮ ಹಲ್ಲಿಗೆ ಯುಗಾದಿ ಹೋಳಿಗೆಗಿಂತ ಈ ಕಾಫಿಯೇ ದುಬಾರಿ. ಸಿಹಿ ಕಾಫಿಯನ್ನು ತಿಂಡಿ, ಊಟದ ಹೊತ್ತಿಗೆ ಇಟ್ಟುಕೊಳ್ಳಿ, ಮಿಕ್ಕದ್ದು ಸಕ್ಕರೆ ಇಲ್ಲದೆ ಇರಲಿ. ಬೆಲ್ಲ ಹಾಕಿದರೂ ಹಲ್ಲಿಗೆ ವ್ಯತ್ಯಾಸವಿಲ್ಲ.

ಇನ್ನು ಪೇಸ್ಟ್. ಗಿಡಮೂಲಿಕೆಯದೆಂದು ಮಾರುವ ಹಲವು ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದಿಲ್ಲ. ಕರಗಿದ ಎನಾಮಲ್‌ಗೆ ಖನಿಜ ಮರಳಿ ಸೇರಲು ನೆರವಾಗುವುದು ಅದೇ. ಟ್ಯೂಬಿನ ಹಿಂದಿನ ಸಣ್ಣಕ್ಷರದಲ್ಲಿ ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಇದೆಯೇ, ಪ್ರಮಾಣ 1000 ಪಿಪಿಎಂ ಆಸುಪಾಸಿನಲ್ಲಿದೆಯೇ ನೋಡಿ. ಫ್ಲೋರೈಡ್ ಅಂದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕಂದು ಕಲೆಯ ಹಲ್ಲು ನೆನಪಾಗಿ ಹೆದರುವವರಿದ್ದಾರೆ. ಅದು ಹಲ್ಲು ಬೆಳೆಯುವ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದದ್ದರಿಂದ ಬರುವುದು. ದೊಡ್ಡವರು ಉಜ್ಜಿ ಉಗಿಯುವ ಪೇಸ್ಟಿನಿಂದಲ್ಲ.

ಉಜ್ಜಿದ ಮೇಲೆ ನೊರೆಯನ್ನಷ್ಟೇ ಉಗಿಯಿರಿ. ನಾಲ್ಕು ಸಲ ನೀರು ತುಂಬಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೆಲ್ಲ ಸಿಂಕಿಗೆ ಹೋಗುತ್ತದೆ. ರಾತ್ರಿಯಂತೂ ಹೀಗೆ ಮುಕ್ಕಳಿಸಲೇಬೇಡಿ, ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ.

ಸಂದಿಗೆ ಬ್ರಷ್ಷಿನ ಎಳೆ ಹೋಗುವುದೇ ಇಲ್ಲ. ಒಂದೂವರೆ ಅಡಿ ಫ್ಲಾಸ್ ದಾರವನ್ನು ಎರಡೂ ನಡುಬೆರಳಿಗೆ ಸುತ್ತಿ, ಗರಗಸದಂತೆ ಆಡಿಸುತ್ತಾ ನಿಧಾನಕ್ಕೆ ಸಂದಿಗೆ ಇಳಿಸಿ. ಸಟ್ಟನೆ ಒತ್ತಿದರೆ ಒಸಡು ಕೊಯ್ಯುತ್ತದೆ. ಒಳಗೆ ಇಳಿದ ಮೇಲೆ ಒಂದು ಹಲ್ಲಿನ ಗೋಡೆಗೆ ಬಳಸಿ ಹಿಡಿದು ಮೇಲೆ ಕೆಳಗೆ ಉಜ್ಜಿ, ಆಮೇಲೆ ಪಕ್ಕದ ಹಲ್ಲಿಗೆ. ಮೊದಲ ವಾರ ಸ್ವಲ್ಪ ರಕ್ತ ಬಂದರೆ ನಿಲ್ಲಿಸಬೇಡಿ; ಎರಡು ವಾರವಾದರೂ ನಿಲ್ಲದಿದ್ದರೆ ತೋರಿಸಿ. ಹುಳುಕು ಎನಾಮಲ್‌ನಲ್ಲೇ ಇದೆಯೋ ಒಳಗಿಳಿದಿದೆಯೋ ಎಂದು ಎಕ್ಸ್-ರೇ ನೋಡಿ ಹೇಳುವಂತೆ ವೈದ್ಯರನ್ನು ಕೇಳಿ. ಗುಳಿ ಬಿದ್ದಿಲ್ಲದಿದ್ದರೆ ಕೊರೆಯದೆ ತಡೆಯುವ ಅವಕಾಶವಿದೆ.

ಮಗಳಿಗೂ ಫ್ಲೋರೈಡ್ ಪೇಸ್ಟೇ ಕೊಡಿ, ಬಟಾಣಿ ಕಾಳಿನಷ್ಟು ಸಾಕು, ನುಂಗದಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಈ ವಯಸ್ಸಿಗೆ ಕೊನೆಯ ಹಾಲು ಹಲ್ಲಿನ ಹಿಂದೆ ಒಂದು ದವಡೆ ಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಉದುರದೆ ಬರುವುದರಿಂದ ಅದನ್ನೂ ಹಾಲು ಹಲ್ಲೆಂದು ಅನೇಕರು ಬಿಟ್ಟುಬಿಡುತ್ತಾರೆ. ಅದು ಶಾಶ್ವತ ಹಲ್ಲು. ಪೂರ್ತಿ ಮೇಲೆ ಬಂದ ಕೂಡಲೇ ಅದರ ಗೀರುಗಳಿಗೆ ಸೀಲೆಂಟ್ (ಗೀರು ಮುಚ್ಚುವ ತೆಳು ಲೇಪ) ಹಾಕಿಸುವ ಬಗ್ಗೆ ಮಕ್ಕಳ ದಂತವೈದ್ಯರನ್ನು ಕೇಳಿ.