ಶಾಲೆ ತೆರೆದ ವರ್ಷ, ಕಟ್ಟಡದ ವರ್ಷ

ಮಾನ್ಯರೇ, ಕೊಡಗಿನಲ್ಲಿರುವ ನಿಮ್ಮೂರಿನ ಪ್ರಾಥಮಿಕ ಶಾಲೆಯ ಶಿಲಾಫಲಕದಲ್ಲಿ 1958 ಎಂದಿರುವಾಗ, ಅದಕ್ಕೂ ಮೊದಲೇ ಅಲ್ಲಿ ಓದಿದ್ದೆವೆಂದು ಹಿರಿಯರು ಹೇಳುವುದು ಹೇಗೆ ಸಾಧ್ಯವೆಂದು ಕೇಳಿದ್ದೀರಿ. ಎರಡೂ ನಿಜವಿರಬಹುದು. ಫಲಕವು ಸಾಮಾನ್ಯವಾಗಿ ಕಟ್ಟಡದ ವರ್ಷವನ್ನು ಹೇಳುತ್ತದೆಯೇ ಹೊರತು, ಯಾರದೋ ಮನೆಯ ಜಗಲಿಯಲ್ಲೋ ಮುಳಿಹುಲ್ಲಿನ ಮಾಡಿನಡಿಯಲ್ಲೋ ಪಾಠ ಆರಂಭವಾದ ವರ್ಷವನ್ನಲ್ಲ. ಅದಕ್ಕೆ ಶಾಲೆಯ ದಾಖಲಾತಿ ಪುಸ್ತಕದ ಮೊದಲ ನಮೂದೇ ಹೆಚ್ಚು ನಂಬಲರ್ಹ (ಗೆದ್ದಲು ಉಳಿಸಿದ್ದರೆ).

ಮಂಜೂರಾತಿ ಆದೇಶವನ್ನು ಹುಡುಕುವಾಗ ಒಂದು ವಿಷಯ ಗಮನದಲ್ಲಿರಲಿ: 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಗುವವರೆಗೆ ಕೊಡಗು ಮಡಿಕೇರಿಯಿಂದ ಆಡಳಿತ ನಡೆಯುತ್ತಿದ್ದ ಪ್ರತ್ಯೇಕ ರಾಜ್ಯವಾಗಿದ್ದುದರಿಂದ, ಹಿಂದಿನ ಆದೇಶಗಳು ಕೊಡಗು ಸರ್ಕಾರದ ಹೆಸರಿನಲ್ಲಿರುತ್ತವೆ, ಮೈಸೂರಿನ ಕಡತಗಳಲ್ಲಿ ಮಾತ್ರ ಹುಡುಕಿದರೆ ಅವು ತಪ್ಪಿಹೋಗಬಹುದು. ಶಾಲೆಯ ಜಾಗದ ಪಹಣಿಯನ್ನೂ ಒಮ್ಮೆ ನೋಡಿ.